ಚಿಕ್ ಚಾಕೊಲೇಟರ ಎರಡು ಪ್ಲೇಟು

1951ರ 'ಅಲ್ಬೇಲಾ' ಚಿತ್ರವನ್ನು ನಮ್ಮಲ್ಲಿ ಹೆಚ್ಚಿನವರು ಪೂರ್ತಿ ನೋಡಿರಲಿಕ್ಕಿಲ್ಲ. ಆದರೆ ಅದರ ಹಾಡುಗಳನ್ನು ಕೇಳದೆ ಮುಂಬಯಿಯಲ್ಲಿ ಒಂದು ಗಣೇಶ ಚೌತಿ ಕಳೆಯುವುದೂ ಕಷ್ಟ. ಗಿಡ್ಡ ದೇಹದ, ದುಂಡು ಮುಖದ ಭಗವಾನ್ ದಾದಾ ತೋಳನ್ನಷ್ಟೇ ಆಡಿಸುತ್ತ ಹಾಕುವ ಹೆಜ್ಜೆಯನ್ನು ಈ ಊರಿನ ಮೆರವಣಿಗೆಗಳು ಇನ್ನೂ ಮರೆತಿಲ್ಲ. ಅದೇ ಚಿತ್ರದ 'ದೀವಾನಾ ಪರ್ವಾನಾ' ಹಾಡನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಭಗವಾನ್ ದಾದಾ ಮತ್ತು ಗೀತಾ ಬಾಲಿ ಅವರ ಹಿಂದೆ ಝಾಲರಿನ ಅಂಗಿ ತೊಟ್ಟ ಒಂದು ಬ್ಯಾಂಡ್ ಕಾಣಿಸುತ್ತದೆ. ಅವರು ವಾದ್ಯಗಾರರ ವೇಷ ಹಾಕಿದ ಎಕ್ಸ್‌ಟ್ರಾ ನಟರಲ್ಲ, ನಿಜವಾದ ವಾದ್ಯಗಾರರೇ. ಟ್ರಂಪೆಟ್ ಹಿಡಿದ ನಾಯಕ ಚಿಕ್ ಚಾಕೊಲೇಟ್.

ಅದು ವೇದಿಕೆಯ ಹೆಸರು. ಹುಟ್ಟಿದ್ದು 1916ರಲ್ಲಿ, ಗೋವಾದ ಆಲ್ದೋನಾ ಊರಿನಲ್ಲಿ. ಮನೆಯವರು ಇಟ್ಟ ಹೆಸರು ಆಂತೋನಿಯೊ ಜೇವಿಯರ್ ವಾಜ್. ಮುಂಬಯಿಯ ಜನ ಅವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದು ಕರೆದರು. ಆರ್ಮ್‌ಸ್ಟ್ರಾಂಗರಂತೆ ಕೈಯಲ್ಲೊಂದು ಕರವಸ್ತ್ರ, ಅವರಂತೆಯೇ ಗೊರಗೊರ ಕಂಠ, ಕೇಳುಗರನ್ನು ನಗಿಸುವ ಹಾವಭಾವ. ರಾತ್ರಿ ತಾಜ್ ಹೋಟೆಲಿನಲ್ಲಿ ಜಾಜ್, ಹಗಲು ಸಿನಿಮಾ ಸ್ಟುಡಿಯೋದಲ್ಲಿ ಹಿಂದಿ ಹಾಡು. ಒಂದೇ ಕವರಿನೊಳಗೆ ಎರಡು ಪ್ಲೇಟು ಇಟ್ಟು ಮಾರುವ ಡಬಲ್ ಆಲ್ಬಂ ಇರುತ್ತದಲ್ಲ, ಚಿಕ್ ಅವರ ಬದುಕು ನನಗೆ ಹಾಗೆ ಕಾಣುತ್ತದೆ. ಒಂದು ಪ್ಲೇಟಿನಲ್ಲಿ ಅವರ ಸ್ವಂತ ಸಂಗೀತ, ಇನ್ನೊಂದರಲ್ಲಿ ಸಿನಿಮಾದ್ದು. ನಮಗೆ ಉಳಿದಿರುವುದು ಎರಡನೆಯದು ಮಾತ್ರ, ಅದರ ಕವರಿನ ಮೇಲೂ ಹೆಸರು ಬೇರೆಯವರದು. ಹೀಗೇಕಾಯಿತು ಎಂಬುದೇ ಈ ಬರಹದ ವಿಷಯ.

ಮೊದಲ ಪ್ಲೇಟಿನ ಕಥೆ 1935ರ ಸುಮಾರಿಗೆ ಶುರುವಾಗುತ್ತದೆ. ಲಿಯಾನ್ ಆಬಿ ಎಂಬ ಕಪ್ಪು ಅಮೆರಿಕನ್ ಪಿಟೀಲುಗಾರ ಆ ವರ್ಷ ತಮ್ಮ ತಂಡದೊಡನೆ ತಾಜ್ ಹೋಟೆಲಿಗೆ ಬಂದರು. ಆಮೇಲೆ ಟ್ರಂಪೆಟಿನ ಕ್ರಿಕೆಟ್ ಸ್ಮಿತ್ ಬಂದರು, ಪಿಯಾನೊದ ಟೆಡ್ಡಿ ವೆದರ್‌ಫರ್ಡ್ ಬಂದರು. ತಮ್ಮ ದೇಶದಲ್ಲಿ ಎಷ್ಟೋ ಹೋಟೆಲುಗಳ ಮುಂಬಾಗಿಲಿನಿಂದ ಒಳಗೆ ಹೋಗಲಾಗದ ಕಲಾವಿದರು ಇಲ್ಲಿ ರಾಜರಿಗೂ ಬ್ರಿಟಿಷ್ ಅಧಿಕಾರಿಗಳಿಗೂ ನುಡಿಸಿದರು. ಅವರನ್ನು ಕೇಳಿ, ಅವರ ಜೊತೆ ನುಡಿಸಿ ಕಲಿತವರು ಗೋವಾದ ಹುಡುಗರು. ಪೋರ್ಚುಗೀಸ್ ಆಡಳಿತದ ಗೋವಾದಲ್ಲಿ ಪ್ರತಿ ಚರ್ಚಿಗೂ ಒಂದು ಶಾಲೆ. ಅಲ್ಲಿ ಸೊಲ್ಫೆಜ್ಜೊ ಅಂದರೆ ಪಾಶ್ಚಾತ್ಯ ಸ್ವರಲಿಪಿಯನ್ನು ನೋಡಿ ಹಾಡುವ ಪಾಠ, ಜೊತೆಗೆ ಪಿಟೀಲು. ಊರಲ್ಲಿ ಕೆಲಸವಿರಲಿಲ್ಲ. ಕೈಯಲ್ಲಿದ್ದ ವಿದ್ಯೆ ಅದೊಂದೇ. ಅದನ್ನು ಹೊತ್ತುಕೊಂಡು ಮುಂಬಯಿಗೆ ಬಂದರು.

ಬಂದವರು ಇಳಿದುಕೊಂಡದ್ದು ಧೋಬಿ ತಲಾವಿನ 'ಕೂಡ್'ಗಳಲ್ಲಿ. ಕೂಡ್ ಎಂದರೆ ಒಂದೊಂದು ಊರಿನವರು ಸೇರಿ ನಡೆಸುವ ವಸತಿ. ಸಾಲಾಗಿ ಟ್ರಂಕು, ಮಲಗಲು ಚಾಪೆಯಗಲದ ಜಾಗ, ಸಂಜೆ ಎಲ್ಲರೂ ಸೇರಿ ಜಪಮಾಲೆಯ ಪ್ರಾರ್ಥನೆ. ಮೆಟ್ರೋ ಸಿನಿಮಾದ ಎದುರಿನ ಜೇರ್ ಮಹಲ್ ಕಟ್ಟಡದಲ್ಲಿ ಇಂಥ ಕೂಡ್‌ಗಳಿವೆ. ನಾನು ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಒಂದು ಸಲ ತಲೆ ಎತ್ತಿ ನೋಡುತ್ತೇನೆ. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿ ಕೋಟೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಬೆಂಚುಗಳ ಮೇಲೆ ಮಲಗಿದ ತುಳುನಾಡಿನ ಹುಡುಗರದ್ದೂ ಇದೇ ಕಾಲ, ಇದೇ ಊರು, ಹೆಚ್ಚುಕಡಿಮೆ ಇದೇ ಓಣಿಗಳು. ವ್ಯತ್ಯಾಸ ಇಷ್ಟೇ: ನಮ್ಮವರ ಕೈಯಲ್ಲಿ ಇಡ್ಲಿ ತಟ್ಟೆ, ಅವರ ಕೈಯಲ್ಲಿ ತುತ್ತೂರಿ.

1947ರ ಆಗಸ್ಟ್ 14ರ ರಾತ್ರಿ ತಾಜ್‌ನಲ್ಲಿ ಸ್ವಾತಂತ್ರ್ಯದ ಸಂಭ್ರಮಕ್ಕೆ ನುಡಿಸಿದವರಲ್ಲಿ ಚಿಕ್ ಕೂಡ ಇದ್ದರು. ಆ ಸಂಭ್ರಮವೇ ಅವರ ಕಸುಬಿಗೆ ಸಂಕಟ ತಂದಿತು. ಕುಣಿಯಲು ಬರುತ್ತಿದ್ದ ಬ್ರಿಟಿಷರು ಹೊರಟರು, ರಾಜರ ಖಜಾನೆ ಕರಗಿತು. ಬೆನ್ನಿಗೇ 1949ರ ಮುಂಬಯಿ ಪಾನನಿಷೇಧ ಕಾಯಿದೆ ಬಂತು. ಮದ್ಯವಿಲ್ಲದ ನೈಟ್‌ಕ್ಲಬ್ಬಿಗೆ ಬರುವವರು ಯಾರು? ಬರುವವರಿಲ್ಲದ ಮೇಲೆ ಬ್ಯಾಂಡಿಗೆ ಸಂಬಳ ಕೊಡುವವರು ಯಾರು? ಅದೇ ಹೊತ್ತಿಗೆ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಿಗೆ ದೊಡ್ಡ ವಾದ್ಯವೃಂದ ಬೇಕಾಗಿತ್ತು. ವಾದ್ಯಗಾರರು ತಾರದೇವ್, ಮಹಾಲಕ್ಷ್ಮಿಯ ಸ್ಟುಡಿಯೋಗಳ ಕಡೆ ನಡೆದರು.

ಅಲ್ಲಿ ಅವರಿಗೆ ಬಾಗಿಲು ತೆರೆದವರಲ್ಲಿ ಮುಖ್ಯರು ಸಿ. ರಾಮಚಂದ್ರ. ಅಹಮದ್‌ನಗರ ಜಿಲ್ಲೆಯ ಪುಣತಾಂಬೆಯವರು. ಹಾಡುವಾಗ ಚಿತಳಕರ್ ಎಂಬ ಮನೆತನದ ಹೆಸರು, ಸಂಗೀತ ಕೊಡುವಾಗ ಸಿ. ರಾಮಚಂದ್ರ. ನಮಗೂ ಅವರಿಗೂ ಒಂದು ಎಳೆ ಇದೆ: ಅವರು ಸಿನಿಮಾಕ್ಕೆ ಬಂದದ್ದು ನಟನಾಗಿ, 'ನಾಗಾನಂದ' ಎಂಬ ಚಿತ್ರದಲ್ಲಿ. ಅದರ ನಿರ್ದೇಶಕರು ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ನಿರ್ದೇಶಿಸಿದ ವೈ. ವಿ. ರಾವ್. ನಾಯಕನಾಗಿ ನಿಲ್ಲಲಾಗದ ರಾಮಚಂದ್ರ ಸಂಗೀತದಲ್ಲಿ ನೆಲೆ ಕಂಡರು. ಚಿಕ್ ಅವರನ್ನು ಸಹಾಯಕನನ್ನಾಗಿ ಜೊತೆಗಿಟ್ಟುಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಜಾಜ್ ಹಿಂದಿ ಸಿನಿಮಾದೊಳಗೆ ಬಂದದ್ದು ನಗೆಯ ಬಾಗಿಲಿನಿಂದ. ವಿರಹಕ್ಕೆ ಸಾರಂಗಿ, ಭಕ್ತಿಗೆ ಕೊಳಲು, ತಾಯಿಯ ಮಮತೆಗೆ ಸಿತಾರ್ ಎಂದು ಮೊದಲೇ ಗೊತ್ತಾಗಿತ್ತು. ಟ್ರಂಪೆಟಿಗೂ ಸ್ಯಾಕ್ಸೊಫೋನಿಗೂ ಸಿಕ್ಕಿದ್ದು ಹಾಸ್ಯ, ಕುಣಿತ, ಕ್ಲಬ್ಬು. 1947ರ 'ಶಹನಾಯಿ'ಯ ಭಾನುವಾರದ ತಮಾಷೆ ಹಾಡು, 1949ರ 'ಪತಂಗಾ'ದಲ್ಲಿ ಗಂಡ ರಂಗೂನಿನಿಂದ ಫೋನ್ ಮಾಡುವ ಹಾಡು, 1950ರ 'ಸಮಾಧಿ'ಯ ಕುಣಿತದ ಹಾಡು, ಮರುವರ್ಷದ 'ಅಲ್ಬೇಲಾ': ಎಲ್ಲವೂ ರಾಮಚಂದ್ರ ಅವರದು. ಗಂಭೀರ ನಾಯಕ ಮಾಡಿದರೆ ಮರ್ಯಾದೆಗೆಟ್ಟದ್ದು ಎನಿಸುವುದನ್ನು ವಿದೂಷಕ ಮಾಡಿದರೆ ಜನ ನಕ್ಕು ಒಪ್ಪಿಕೊಳ್ಳುತ್ತಾರೆ. ನಮ್ಮ ಯಕ್ಷಗಾನದ ಹಾಸ್ಯಗಾರ ರಾಜನನ್ನೇ ಗೇಲಿ ಮಾಡಿ ಪಾರಾಗುತ್ತಾನಲ್ಲ, ಹಾಗೆ. ನಗುವಿನ ನೆರಳಿನಲ್ಲಿ ಹೊಸ ಲಯ, ಹೊಸ ಸ್ವರಮೇಳ ಜನರ ಕಿವಿಗೆ ಇಳಿಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲೂ ಜಾಜ್ ಬಿಳಿಯರ ಮುಂದೆ ನಿಂತದ್ದು ಎಷ್ಟೋ ಸಲ ನಗುಮುಖ ಹೊತ್ತೇ. ಫ್ಯಾಟ್ಸ್ ವಾಲರ್ ಪಿಯಾನೊದ ಮಹಾ ವಿದ್ವಾಂಸ, ಆದರೆ ಜನ ಕಂಡದ್ದು ಅವರ ಹುಬ್ಬಿನ ಕುಣಿತವನ್ನು. ಆರ್ಮ್‌ಸ್ಟ್ರಾಂಗರ ಅಗಲ ನಗುವನ್ನು ನೋಡಿ ಮುಂದಿನ ತಲೆಮಾರಿನ ಕಪ್ಪು ಸಂಗೀತಗಾರರೇ ಸಿಟ್ಟಾದರು, ಬಿಳಿಯರನ್ನು ಮೆಚ್ಚಿಸುವ ಕೋಡಂಗಿತನ ಎಂದರು. ಆದರೆ 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಕಪ್ಪು ಮಕ್ಕಳನ್ನು ಬಿಡದೆ ತಡೆದಾಗ ಅಧ್ಯಕ್ಷ ಐಸೆನ್‌ಹೋವರ್ ಅವರನ್ನೇ ಹೆಸರು ಹಿಡಿದು ಬೈದವರು ಅದೇ ಆರ್ಮ್‌ಸ್ಟ್ರಾಂಗ್. ನಗಿಸುವವನಿಗೆ ಹೇಳುವ ಮಾತಿಲ್ಲ ಎಂದುಕೊಂಡವರು ಆಗ ಬೆಚ್ಚಿಬಿದ್ದರು.

ನಮ್ಮ ಸರ್ಕಾರಕ್ಕೂ ಈ ನಗೆ ಹಿಡಿಸಲಿಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕೀಳು ಅಭಿರುಚಿ, ಪಾಶ್ಚಾತ್ಯ ವಾದ್ಯಗಳ ಗದ್ದಲ. ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾಯಿತು. ಕೇಳುಗರು ರೇಡಿಯೋದ ಮುಳ್ಳನ್ನು ಸಿಲೋನ್ ಕಡೆಗೆ ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಬಂತು. ಸರ್ಕಾರಕ್ಕೆ ಬೇಡದ ಹಾಡುಗಳನ್ನು ಮಾಡಿದ ಅದೇ ರಾಮಚಂದ್ರ 1963ರ ಜನವರಿಯಲ್ಲಿ, ಚೀನಾ ಯುದ್ಧದ ನಂತರ, ದೆಹಲಿಯಲ್ಲಿ ನೆಹರೂ ಅವರೆದುರು ಲತಾ ಮಂಗೇಶ್ಕರ್ ಹಾಡಿದ 'ಏ ಮೇರೆ ವತನ್ ಕೇ ಲೋಗೋ'ಗೆ ಸಂಗೀತ ಕೊಟ್ಟವರು. ಗಂಭೀರ, ತಮಾಷೆ ಎಂಬ ಗೋಡೆ ಕಟ್ಟಿದವರು ಸಂಗೀತಗಾರರಲ್ಲ.

ಇನ್ನು ಕೆಲಸ ನಡೆಯುತ್ತಿದ್ದ ರೀತಿ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ರಾಗ ಹಾಡಿ ತೋರಿಸುತ್ತಾರೆ. ಅದನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುವವರು ಅರೇಂಜರ್. ಹಾಡು ಹೇಗೆ ಶುರುವಾಗಬೇಕು, ಪಲ್ಲವಿಗೂ ಚರಣಕ್ಕೂ ನಡುವೆ ಏನು ಬರಬೇಕು, ಗಾಯಕಿ ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ಪಿಟೀಲುಗಳು ಏನು ಹೇಳಬೇಕು, ಇವೆಲ್ಲ ಬಹಳ ಸಲ ಅವರ ಕಲ್ಪನೆ. ಬರೆದ ಹಾಳೆಗಳನ್ನು ಪ್ರತಿ ವಾದ್ಯಗಾರನ ಮುಂದೆ ಇಟ್ಟು ಎಲ್ಲರೂ ಒಟ್ಟಿಗೆ ನುಡಿಸುತ್ತಿದ್ದರು. ಒಬ್ಬ ತಪ್ಪಿದರೆ ಮತ್ತೆ ಮೊದಲಿಂದ. ಶಂಕರ್ ಜೈಕಿಶನ್ ಅವರಿಗೆ ವರ್ಷಗಟ್ಟಲೆ ಹೀಗೆ ಬರೆದುಕೊಟ್ಟವರು ಸೆಬಾಸ್ಟಿಯನ್ ಡಿಸೋಜಾ. ಟೈಟಲ್ ಕಾರ್ಡಿನಲ್ಲಿ ಇಂಥವರ ಹೆಸರು ಬಂದರೆ 'ಸಹಾಯಕರು' ಎಂಬ ಸಣ್ಣ ಅಕ್ಷರದಲ್ಲಿ. ವಾದ್ಯಗಾರರ ಹೆಸರು ಅದೂ ಇಲ್ಲ. ದಿನದ ದುಡಿಮೆಗೆ ದಿನದ ಕೂಲಿ.

ಹೆಸರಿಲ್ಲದವರು ತಮ್ಮ ಗುರುತನ್ನು ಹಾಡಿನೊಳಗೇ ಅಡಗಿಸಿಟ್ಟರು ಎಂಬುದಕ್ಕೆ ಒಂದು ಕಥೆ ಚಾಲ್ತಿಯಲ್ಲಿದೆ. 1957ರ 'ಆಶಾ' ಚಿತ್ರಕ್ಕೆ ಕಿಶೋರ್ ಕುಮಾರ್ ಹಾಡಿದ 'ಈನಾ ಮೀನಾ ಡೀಕಾ'. ರಾಮಚಂದ್ರ ಅವರ ಕೋಣೆಯ ಹೊರಗೆ ಮಕ್ಕಳು ಆಡುತ್ತಿದ್ದ ಎಣಿಕೆಯ ಆಟದಿಂದ ಹಾಡು ಹುಟ್ಟಿತಂತೆ. ಅರ್ಥವಿಲ್ಲದ ಪದಗಳನ್ನು ಪೋಣಿಸುತ್ತ ಹೋದಾಗ ತಂಡದಲ್ಲಿದ್ದ ಜಾನ್ ಗೋಮ್ಸ್ 'ಮಾಕಾ ನಾಕಾ' ಎಂದು ಸೇರಿಸಿದರಂತೆ. ಹಿಂದಿಯವರಿಗೆ ಅದು ಬರೀ ತಮಾಷೆಯ ಸದ್ದು. ಮಂಗಳೂರು, ಕಾರವಾರದ ಕಡೆಯವರಿಗೆ ಹೇಳಬೇಕಿಲ್ಲ: ಕೊಂಕಣಿಯಲ್ಲಿ ಅದರರ್ಥ 'ನನಗೆ ಬೇಡ'. ಇಡೀ ದೇಶ ಅರುವತ್ತು ವರ್ಷಗಳಿಗೂ ಮೇಲಾಗಿ ಗೊತ್ತಿಲ್ಲದೆಯೇ ಕೊಂಕಣಿ ಹಾಡುತ್ತಿದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಮನ ಕಲಕುವಂಥದ್ದು. 1977ರ 'ಅಮರ್ ಅಕ್ಬರ್ ಆಂಥೋನಿ'ಯಲ್ಲಿ ಅಮಿತಾಭ್ ದೊಡ್ಡ ಈಸ್ಟರ್ ಮೊಟ್ಟೆಯಿಂದ ಹೊರಬಂದು, ತಲೆಬುಡವಿಲ್ಲದ ಇಂಗ್ಲಿಷ್ ಉದುರಿಸಿ, ತಾನು ಆಂಥೋನಿ ಗೊನ್ಸಾಲ್ವಿಸ್ ಎನ್ನುತ್ತಾರೆ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಹೆಸರಿನ ನಿಜವಾದ ಮನುಷ್ಯರೊಬ್ಬರಿದ್ದರು. ಗೋವಾದ ಮಜೋರ್ಡಾದವರು, ಪಿಟೀಲುಗಾರರು, ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರ ಗುರುಗಳು. 1958ರಲ್ಲಿ ಮುಂಬಯಿಯ ಸೇಂಟ್ ಜೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ದೊಡ್ಡ ವಾದ್ಯವೃಂದ ಕಟ್ಟಿ, ರಾಗಗಳನ್ನು ಆಧರಿಸಿದ ತಮ್ಮ ಕೃತಿಗಳನ್ನು ನುಡಿಸಿದವರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರಲ್ಲಿ ಹಾಡಿದ್ದರು. 1965ರಲ್ಲಿ ಅಮೆರಿಕಕ್ಕೆ ಹೋದರು, ಆಮೇಲೆ ಊರಿಗೆ ಮರಳಿ ಸದ್ದಿಲ್ಲದೆ ಬದುಕಿ 2012ರಲ್ಲಿ ತೀರಿಕೊಂಡರು. ಗುರುವಿನ ಹೆಸರು ಉಳಿಯಲಿ ಎಂದು ಪ್ಯಾರೇಲಾಲ್ ಇಟ್ಟ ಕಾಣಿಕೆ ಅದು. ಆದರೆ ನೋಡಿ, ಆ ಹೆಸರು ಜನರ ಬಾಯಿಗೆ ಬರಲು ಕೂಡ ಒಂದು ತಮಾಷೆಯ ಹಾಡೇ ಬೇಕಾಯಿತು.

ಕಾನೂನೂ ಇವರ ಕಡೆಗಿರಲಿಲ್ಲ. ನಮ್ಮ ಕಾಪಿರೈಟ್ ಕಾಯಿದೆಗೆ 1994ರಲ್ಲಿ ಸೇರಿದ ವ್ಯಾಖ್ಯೆಯ ಪ್ರಕಾರ ಸಂಗೀತವನ್ನು ರಚಿಸಿದವರೇ ಸಂಯೋಜಕರು. ಅದನ್ನು ಲಿಪಿಯಲ್ಲಿ ಬರೆದರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಬಾಯಿಂದ ಬಾಯಿಗೆ ಹರಿಯುವ ನಮ್ಮ ಸಂಗೀತಕ್ಕೆ ಇದು ನ್ಯಾಯವೇ. ಹಾರ್ಮೋನಿಯಂ ಹಿಡಿದು ಹಾಡಿದವರ ಹಕ್ಕನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಬರೆಯುವ ನೆಪದಲ್ಲಿ ಅರ್ಧ ಹಾಡನ್ನೇ ಕಟ್ಟಿದವರ ಪಾಲು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಚಿಕ್ ಅವರಿಗೆ ಸ್ವಂತ ಹೆಸರಿನ ಅವಕಾಶ ಸಿಗದೇ ಇರಲಿಲ್ಲ. 'ಅಲ್ಬೇಲಾ' ಬಂದ ವರ್ಷವೇ ದೇವ್ ಆನಂದ್, ಮಧುಬಾಲಾ ನಟಿಸಿದ 'ನಾದಾನ್'ಗೆ ಅವರೇ ಸಂಗೀತ ನಿರ್ದೇಶಕರು. ಅದು 'ಅಲ್ಬೇಲಾ'ದಂತೆ ಜನರ ಬಾಯಲ್ಲಿ ಉಳಿಯಲಿಲ್ಲ. ಅವರು ಮತ್ತೆ ಟ್ರಂಪೆಟಿಗೆ, ಬೇರೆಯವರ ಹಾಡಿಗೆ ಮರಳಿದರು. 1967ರಲ್ಲಿ, ಐವತ್ತು ದಾಟುತ್ತಿದ್ದಂತೆ ತೀರಿಕೊಂಡರು. ಭಗವಾನ್ ದಾದಾ ಅವರ ಕಥೆಯೂ ಸುಖಾಂತವಲ್ಲ. ಗಿರಣಿ ಕೆಲಸಗಾರನ ಮಗ, 'ಅಲ್ಬೇಲಾ'ದಿಂದ ಬಂಗಲೆ, ಕಾರುಗಳನ್ನು ಕಂಡರು. ಮುಂದಿನ ಚಿತ್ರಗಳು ಸೋತು ದಾದರಿನ ಚಾಳಿಗೆ ಮರಳಿದರು, 2002ರಲ್ಲಿ ಅಲ್ಲೇ ಕಣ್ಣುಮುಚ್ಚಿದರು.

ಗ್ರೆಗರಿ ಬೂತ್, ನರೇಶ್ ಫರ್ನಾಂಡಿಸ್ ಅವರಂಥವರು ಮುದುಕರಾದ ವಾದ್ಯಗಾರರ ಮನೆ ಬಾಗಿಲಿಗೆ ಹೋಗಿ ಮಾತಾಡಿಸಿ ಬರೆದಿರದಿದ್ದರೆ ಇಷ್ಟೂ ನಮಗೆ ತಿಳಿಯುತ್ತಿರಲಿಲ್ಲ. ಅವರು ಹೋಗುವ ಹೊತ್ತಿಗೆ ಚಿಕ್ ಸತ್ತು ದಶಕಗಳೇ ಕಳೆದಿದ್ದವು. ತಾಜ್‌ನ ರಾತ್ರಿಗಳಲ್ಲಿ ಅವರು ಊದಿದ್ದೆಲ್ಲ ಆ ರಾತ್ರಿಗಳ ಜೊತೆಗೇ ಹೋಯಿತು. ಉಳಿದದ್ದು ಮೂರು ನಿಮಿಷದ ಕೆಲವು ಪ್ಲೇಟು ಮಾತ್ರ. ಸಿನಿಮಾಕ್ಕೆ ಊದಿದ್ದು ಪುಣೆಯ ರಿಕ್ಷಾದಲ್ಲಿ, ಹೈದರಾಬಾದಿನ ಮದುವೆ ಛತ್ರದಲ್ಲಿ, ದೆಹಲಿಯ ಎಫ್‌ಎಂನಲ್ಲಿ ಇವತ್ತಿಗೂ ಕೇಳಿಸುತ್ತದೆ. ಈ ಎರಡನ್ನೂ ಒಂದೇ ಕವರಿನಲ್ಲಿ ಇಟ್ಟು, ಹಿಂಬದಿಯಲ್ಲಿ ಪಿಟೀಲಿನವರಿಂದ ಡ್ರಮ್ಮಿನವರವರೆಗೆ ಎಲ್ಲರ ಹೆಸರು ಅಚ್ಚು ಹಾಕಿದ ಆಲ್ಬಂ ಒಂದು ಬಂದರೆ, ಕೊಳ್ಳುವವರ ಸಾಲಿನಲ್ಲಿ ನಾನು ಮೊದಲು ನಿಲ್ಲುತ್ತೇನೆ. ಅಲ್ಲಿಯವರೆಗೆ, ಚೌತಿಯ ಮೆರವಣಿಗೆಯಲ್ಲಿ ಆ ಹಾಡು ಬಂದಾಗ, ಪಕ್ಕದಲ್ಲಿ ಕುಣಿಯುವವರಿಗೆ ಟ್ರಂಪೆಟಿನವರ ಹೆಸರನ್ನಾದರೂ ಹೇಳೋಣ.