ಕಪೊಯೇರಾ: ಪೊಲೀಸರು ಬಂದ್ರೆ ತಾಳ ಬದಲಾಗ್ತಿತ್ತು

ಮೊದಲನೇ ಫೋಟೋ ನೋಡಿ. ಇವರಿಬ್ಬರು ಬಡಿದಾಡ್ತಿದ್ದಾರಾ, ಕುಣೀತಿದ್ದಾರಾ? ಎರಡೂ ಹೌದು. ಇದು ಬ್ರೆಜಿಲ್‌ನ ಕಪೊಯೇರಾ.

ರೀಲ್ಸ್‌ನಲ್ಲಿ ಬರೀ ಪಲ್ಟಿ ನೋಡಿರ್ತೀರ. ಆದ್ರೆ ಇದರ ಬೇರು ಇರೋದು ಗುಲಾಮಗಿರಿಯಲ್ಲಿ. ಪೋರ್ಚುಗೀಸರು ಅಂಗೋಲಾ ಮತ್ತಿತರ ಕಡೆಯಿಂದ ಹಡಗಲ್ಲಿ ತುಂಬಿಕೊಂಡು ಬಂದ ಲಕ್ಷಾಂತರ ಆಫ್ರಿಕನ್ನರು, ಅವರ ಮಕ್ಕಳು ಸೇರಿ ಕಟ್ಟಿದ ಆಟ ಇದು.

1888ರ ಮೇ 13ಕ್ಕೆ ಅಲ್ಲಿ ಗುಲಾಮಗಿರಿ ರದ್ದಾಯ್ತು. ಬಿಡುಗಡೆಯಾದವರಿಗೆ ಭೂಮಿ ಕೊಡಲಿಲ್ಲ, ದುಡ್ಡೂ ಕೊಡಲಿಲ್ಲ. ಎರಡೇ ವರ್ಷಕ್ಕೆ, 1890ರಲ್ಲಿ, ಹೊಸ ದಂಡಸಂಹಿತೆ ಬಂತು: ಬೀದಿಯಲ್ಲಿ ಕಪೊಯೇರಾ ಆಡಿದ್ರೆ 2ರಿಂದ 6 ತಿಂಗಳು ಜೈಲು. ಗುಂಪಿನ ನಾಯಕನಾಗಿದ್ರೆ ಡಬಲ್.

ಬಿಕಾಂನವರೇ, ಈಗ ಸ್ವಲ್ಪ ಗಮನ ಕೊಡಿ. ಅದೇ ವರ್ಷ ಹಣಕಾಸು ಮಂತ್ರಿ ರೂಯಿ ಬಾರ್ಬೋಸಾ, ಖಜಾನೆ ಕಚೇರಿಗಳಲ್ಲಿದ್ದ ಗುಲಾಮಗಿರಿಯ ದಾಖಲೆಗಳನ್ನ ಸುಡೋಕೆ ಆದೇಶ ಕೊಟ್ಟರು. ಹಳೇ ಮಾಲೀಕರು ‘ನಮ್ಮ ಆಸ್ತಿ ಹೋಯ್ತು, ಪರಿಹಾರ ಕೊಡಿ’ ಅಂತ ಬರಬಾರದು ಅನ್ನೋದು ಒಂದು ಕಾರಣ ಅಂತಾರೆ. ಸರಿ, ಒಪ್ಪೋಣ. ಆದ್ರೆ ಆ ಪುಸ್ತಕಗಳಲ್ಲಿ ಮನುಷ್ಯರ ಹೆಸರೂ ಇತ್ತಲ್ವಾ? ನಾವು ಒಂದು ವೋಚರ್ ಕಾಣದಿದ್ರೆ ತಲೆ ಕೆಡಿಸ್ಕೊಳ್ತೀವಿ. ಎಲ್ಲವೂ ಸುಟ್ಟುಹೋಗಲಿಲ್ಲ, ನಿಜ. ಆದ್ರೂ 19ನೇ ಶತಮಾನದ ಕಪೊಯೇರಾ ಬಗ್ಗೆ ಹೆಚ್ಚಾಗಿ ಸಿಗೋದು ರಿಯೋ ಪೊಲೀಸರ ದಾಖಲೆಗಳಲ್ಲೇ. ಅಂದ್ರೆ, ಹಿಡಿದವರು ಬರೆದಿದ್ದು. ಆಡಿದವರು ಬರೆದಿದ್ದಲ್ಲ.

ಆಡಿದವರ ಕಡೆಯ ಮಾತು ಉಳಿದಿದ್ದು ಹಾಡಲ್ಲಿ, ವಾದ್ಯದಲ್ಲಿ. ನಾಲ್ಕನೇ ಫೋಟೋದಲ್ಲಿರೋದು ಬೆರಿಂಬಾವು. ಬಿಲ್ಲಿನ ಥರ ಬಾಗಿದ ಕೋಲು, ಒಂದೇ ಒಂದು ಉಕ್ಕಿನ ತಂತಿ (ಹಳೇ ಟೈರ್ ಸೀಳಿ ತೆಗೆದಿದ್ದೂ ನಡೆಯುತ್ತೆ), ಕೆಳಗೆ ಒಣಗಿದ ಬುರುಡೆ. ಒಂದು ಕೈಯಲ್ಲಿ ಸಣ್ಣ ಕಡ್ಡಿ, ಜೊತೆಗೆ ಬುಟ್ಟಿಯಂಥ ಗಿಲಕಿ. ಇನ್ನೊಂದು ಕೈಯಲ್ಲಿ ನಾಣ್ಯ ಅಥವಾ ಕಲ್ಲು. ಅದನ್ನ ತಂತಿಗೆ ಒತ್ತಿದ್ರೆ ಸ್ವರ ಏರುತ್ತೆ. ಬುರುಡೆನ ಹೊಟ್ಟೆಗೆ ತಾಗಿಸಿದ್ರೆ ದನಿ ಮುಚ್ಚುತ್ತೆ, ದೂರ ಹಿಡಿದ್ರೆ ಬಿಚ್ಚಿಕೊಳ್ಳುತ್ತೆ. ಆಟ ನಿಧಾನವೋ ಜೋರೋ ಅಂತ ಹೇಳೋದು ಇದೇ. ಆಡೋರು ಇದರ ಮಾತು ಕೇಳಲೇಬೇಕು. ‘ಕವಲಾರಿಯಾ’ ಅನ್ನೋ ತಾಳ ಅಂತೂ ಕುದುರೆ ಗೊರಸಿನ ಸದ್ದಿನಂತಿದೆ. ಕುದುರೆ ಪೊಲೀಸರು ಬರ್ತಿದ್ದಾರೆ, ಓಡಿ ಅನ್ನೋಕೆ ಅದನ್ನ ನುಡಿಸ್ತಿದ್ರಂತೆ!

1932ರಲ್ಲಿ ಸಾಲ್ವಡಾರ್ ನಗರದಲ್ಲಿ ಮೆಸ್ತ್ರಿ ಬಿಂಬಾ ಶಾಲೆ ತೆರೆದರು. 1937ಕ್ಕೆ ಸರ್ಕಾರದ ನೋಂದಣಿಯೂ ಸಿಕ್ತು. (‘ಮೆಸ್ತ್ರಿ’ ಅಂದ್ರೆ ಗುರು. ನಮ್ಮ ಗಾರೆ ಮೇಸ್ತ್ರಿನೂ ಅದೇ ಪೋರ್ಚುಗೀಸ್ ಪದದಿಂದ ಬಂದಿದ್ದು ಗುರು!) ಹಳೇ ಶೈಲಿನ ಕಾಪಾಡಿದ್ದು ಮೆಸ್ತ್ರಿ ಪಾಸ್ತಿನ್ಯಾ. 1966ರಲ್ಲಿ ಸೆನೆಗಲ್‌ನ ಡಕಾರ್ ಉತ್ಸವಕ್ಕೆ ಬ್ರೆಜಿಲ್ ಕಡೆಯಿಂದ ಹೋಗಿದ್ದವರು. ಆಮೇಲೆ ಅವರ ಶಾಲೆಯ ಜಾಗನೇ ಖಾಲಿ ಮಾಡಿಸಿದ್ರು. 1981ರಲ್ಲಿ, ಕಣ್ಣು ಕಾಣದೆ, ಬಡತನದಲ್ಲಿ ತೀರಿಕೊಂಡರು. 2014ರಲ್ಲಿ ಯುನೆಸ್ಕೋ ಇದನ್ನ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸ್ತು.

ಕೊನೇ ಸ್ಲೈಡ್‌ನಲ್ಲಿ ಕವಲಾರಿಯಾ ಆಡಿಯೋ ಹಾಕಿದೀನಿ. ಇಯರ್‌ಫೋನ್ ಹಾಕ್ಕೊಂಡು ಕೇಳಿ, ಕುದುರೆ ಕೇಳಿಸ್ತಾ ಹೇಳಿ.