ಹೋಶಂಗಾಬಾದಿನ ವಿಜ್ಞಾನ ಶಿಕ್ಷಣ ಪ್ರಯೋಗ (೧೯೭೨–೨೦೦೨): ಕೈಯಿಂದ ಕಲಿಕೆ, ಮಗುವಿಗೆ ಮನ್ನಣೆ

ಶಾಲೆಯೊಂದು ತನ್ನ ವಿದ್ಯಾರ್ಥಿಯಲ್ಲಿ ಏನನ್ನು ಮೆಚ್ಚುತ್ತದೆ ಎಂಬುದನ್ನು ಅರಿತರೆ, ಆ ಶಾಲೆ ನಿಜವಾಗಿ ಏನನ್ನು ಕಲಿಸುತ್ತದೆ ಎಂಬುದನ್ನು ಬಹುಮಟ್ಟಿಗೆ ಅರಿತಂತೆಯೇ ಸರಿ. ಪಾಠಕ್ರಮದ ಪೀಠಿಕೆಯಲ್ಲಿ ಎಂತಹ ಉದಾತ್ತವಾದ ಧ್ಯೇಯವನ್ನೇ ಬರೆದಿಟ್ಟಿರಲಿ, ವರ್ಷದ ಕೊನೆಯಲ್ಲಿ ಅಂಕವನ್ನೂ ಬಹುಮಾನವನ್ನೂ ಯಾವುದಕ್ಕೆ ಕೊಡಲಾಗುತ್ತದೆಯೋ ಅದರ ಕಡೆಗೇ ಮಕ್ಕಳ ಮನಸ್ಸು ತಿರುಗುತ್ತದೆ. ಉಪಾಧ್ಯಾಯರ ಮನಸ್ಸೂ ಅಂತೆಯೇ. ಪ್ರಾಥಮಿಕ ಹಂತದ ವಿಜ್ಞಾನ ಶಿಕ್ಷಣದ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದವರು ವಿರಳ. ಮಕ್ಕಳು ಪ್ರಯೋಗ ಮಾಡಿ ಕಲಿಯಬೇಕೆಂಬ ಮಾತು ನೂರು ವರ್ಷಗಳಿಗಿಂತ ಹಳೆಯದು. ಹಾಗೆ ಕಲಿತ ಮಗುವನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಇಂದಿಗೂ ಹಸಿಯಾಗಿಯೇ ಉಳಿದಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ಮೂವತ್ತು ವರ್ಷಗಳ ಕಾಲ ನಡೆದ ಒಂದು ಪ್ರಯತ್ನವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಹಿನ್ನೆಲೆ

ವಿದ್ಯಾರ್ಥಿಯನ್ನು ಅನ್ವೇಷಕನ ಸ್ಥಾನದಲ್ಲಿ ನಿಲ್ಲಿಸಬೇಕೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ ವಾದಿಸಿದನು. ತಾನೇ ಕಂಡುಕೊಳ್ಳುವುದು ಎಂಬ ಅರ್ಥದ ಗ್ರೀಕ್ ಪದದಿಂದಲೇ ಅವನ ಪದ್ಧತಿಗೆ ಹ್ಯೂರಿಸ್ಟಿಕ್ ಎಂಬ ಹೆಸರು ಬಂದಿತು. ೧೮೯೬ರಲ್ಲಿ ಜಾನ್ ಡ್ಯೂಯಿ ಶಿಕಾಗೋ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯಲ್ಲಿ ಅಡಿಗೆ, ಮರಗೆಲಸ, ನೇಯ್ಗೆಗಳ ಮೂಲಕ ಎಳೆಯ ಮಕ್ಕಳಿಗೆ ವಿಜ್ಞಾನದ ಪ್ರವೇಶವಾಗುತ್ತಿತ್ತು. ನಮ್ಮ ದೇಶದಲ್ಲಿ ೧೯೩೭ರ ವಾರ್ಧಾ ಸಮ್ಮೇಳನದಿಂದ ಹೊರಟ ಮೂಲಶಿಕ್ಷಣ ಯೋಜನೆಯು ಕೈಕಸುಬನ್ನೇ ಕಲಿಕೆಯ ಕೇಂದ್ರವಾಗಿ ಮಾಡಿತು. ಈ ಮೂರರ ತಾತ್ತ್ವಿಕ ನೆಲೆಗಳು ಬೇರೆ ಬೇರೆ. ಆದರೆ ಕೈಗೂ ಬುದ್ಧಿಗೂ ನಡುವೆ ಶಾಲೆಯು ಎಬ್ಬಿಸಿದ ಗೋಡೆಯನ್ನು ಕೆಡಹಬೇಕೆಂಬ ವಿಷಯದಲ್ಲಿ ಮೂರಕ್ಕೂ ಒಮ್ಮತವಿತ್ತು. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂದು ನಮ್ಮ ಗಾದೆ ಹೇಳುವುದೂ ಇದಕ್ಕೆ ದೂರವಾದ ಮಾತಲ್ಲ.

ಸ್ವಾತಂತ್ರ್ಯಾನಂತರ ವಿಜ್ಞಾನಕ್ಕೆ ರಾಷ್ಟ್ರದ ಮನ್ನಣೆ ದೊರೆಯಿತು. ಶಾಲೆಯ ಮಟ್ಟದಲ್ಲಿ ಆ ಮನ್ನಣೆ ಪಡೆದ ರೂಪ ಗಮನಾರ್ಹವಾದುದು. ೧೯೬೩ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ವಿಜ್ಞಾನ ಪ್ರತಿಭಾನ್ವೇಷಣೆಯನ್ನು ಆರಂಭಿಸಿತು. ಮೊದಲ ವರ್ಷ ದಿಲ್ಲಿಯಲ್ಲಿ ಮಾತ್ರ, ಕೇವಲ ೧೦ ವಿದ್ಯಾರ್ಥಿವೇತನಗಳು. ಮರುವರ್ಷ ದೇಶಾದ್ಯಂತ ೩೫೦. ಹನ್ನೊಂದನೆಯ ತರಗತಿಯವರಲ್ಲಿ ಶ್ರೇಷ್ಠರನ್ನು ಆರಿಸಿ ಅವರನ್ನು ಮೂಲವಿಜ್ಞಾನಗಳ ವ್ಯಾಸಂಗಕ್ಕೆ ಸೆಳೆಯುವುದು ಇದರ ಗುರಿ. ಆಗತಾನೇ ಕಟ್ಟಲ್ಪಡುತ್ತಿದ್ದ ರಾಷ್ಟ್ರಕ್ಕೆ ವಿಜ್ಞಾನಿಗಳು ಬೇಕಾಗಿದ್ದುದರಿಂದ ಈ ಕ್ರಮ ಯುಕ್ತವಾದುದೇ. ಆದರೆ ಇದು ಆರಿಸುವ ಮನ್ನಣೆ. ಹಲವರನ್ನು ಜರಡಿ ಹಿಡಿದು ಕೆಲವರನ್ನು ಉಳಿಸಿಕೊಳ್ಳುವ ಮನ್ನಣೆ. ಆರನೆಯ ತರಗತಿಯ ಹಳ್ಳಿಯ ಮಗುವಿಗೆ, ಮುಂದೆ ವಿಜ್ಞಾನಿಯಾಗದೆ ಹೊಲಕ್ಕೋ ಅಂಗಡಿಗೋ ಹೋಗುವ ಮಗುವಿಗೆ, ವಿಜ್ಞಾನದಿಂದ ಆಗಬೇಕಾದುದೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡುವುದು ಅದರ ಕೆಲಸವೂ ಆಗಿರಲಿಲ್ಲ.

೨. ಹದಿನಾರು ಶಾಲೆಗಳು

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವು ನರ್ಮದೆಯ ದಕ್ಷಿಣ ದಡದ ಹೋಶಂಗಾಬಾದ್ ಜಿಲ್ಲೆಯ ಎರಡು ಸಂಸ್ಥೆಗಳು. ೨೦೨೨ರಿಂದ ಈ ಜಿಲ್ಲೆಗೆ ನರ್ಮದಾಪುರಂ ಎಂದು ಹೆಸರು. ಸಂಸ್ಥೆಗಳಲ್ಲಿ ಒಂದು, ಹೋಶಂಗಾಬಾದ್ ಪಟ್ಟಣಕ್ಕೆ ಹೊಂದಿದ ರಸೂಲಿಯಾದಲ್ಲಿ ಕ್ವೇಕರ್ ಪಂಥದವರು ನಡೆಸುತ್ತಿದ್ದ ಫ್ರೆಂಡ್ಸ್ ರೂರಲ್ ಸೆಂಟರ್. ಇನ್ನೊಂದು, ಬನಖೇಡಿಯ ಕಡೆಯ ಪಲಿಯಾ ಪಿಪರಿಯಾ ಗ್ರಾಮದಲ್ಲಿದ್ದ ಕಿಶೋರ ಭಾರತಿ. ಇದರ ಸ್ಥಾಪಕರಾದ ಅನಿಲ್ ಸದ್ಗೋಪಾಲರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿನ ಜೀವವಿಜ್ಞಾನದ ಕೆಲಸವನ್ನು ಬಿಟ್ಟು ಬಂದವರು. ೧೯೭೨ರಲ್ಲಿ ರಾಜ್ಯ ಸರ್ಕಾರದ ಅನುಮತಿ ಪಡೆದು ೧೬ ಮಾಧ್ಯಮಿಕ ಶಾಲೆಗಳಲ್ಲಿ, ಎಂದರೆ ಆರರಿಂದ ಎಂಟನೆಯವರೆಗಿನ ತರಗತಿಗಳಲ್ಲಿ, ಕಾರ್ಯಕ್ರಮವನ್ನು ಆರಂಭಿಸಲಾಯಿತು. ಶಾಲೆಗಳು ಸಾಮಾನ್ಯವಾದ ಗ್ರಾಮಶಾಲೆಗಳು. ಉಪಾಧ್ಯಾಯರು ಅಲ್ಲಿಯೇ ಇದ್ದವರು. ಆರಿಸಿ ತೆಗೆದ ಮಾದರಿ ಶಾಲೆಯಲ್ಲಿ ಅಲ್ಲ, ಎಲ್ಲರಿಗೂ ಇರುವ ಶಾಲೆಯಲ್ಲಿಯೇ ಇದು ಸಾಧ್ಯವೆಂದು ತೋರಿಸಬೇಕೆಂಬುದು ಮೊದಲಿನಿಂದಲೂ ಇದ್ದ ಸಂಕಲ್ಪ.

ಟಾಟಾ ಸಂಸ್ಥೆಯ ವಿಜ್ಞಾನಿಗಳು ಆರಂಭದಲ್ಲಿಯೇ ಕೈಜೋಡಿಸಿದರು. ಭೌತವಿಜ್ಞಾನಿ ಯಶಪಾಲರ ಬೆಂಬಲ ಇವರಲ್ಲಿ ಮುಖ್ಯವಾದುದು. ಮರುವರ್ಷ ದಿಲ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರ ಒಂದು ತಂಡ ಸೇರಿಕೊಂಡಿತು. ವಿಶ್ವವಿದ್ಯಾನಿಲಯದವರು ಹಳ್ಳಿಯ ಶಾಲೆಯ ಮಣೆಯ ಮೇಲೆ ಕುಳಿತು, ಅಲ್ಲಿನ ಮೇಷ್ಟರೊಡನೆ ಸಮಾನವಾಗಿ ಪಾಠವನ್ನು ರೂಪಿಸಿದುದು ನಮ್ಮ ಉನ್ನತ ಶಿಕ್ಷಣದ ಇತಿಹಾಸದಲ್ಲಿ ಅಪರೂಪದ ಸಂಗತಿ. ೧೯೭೮ರಲ್ಲಿ ಕಾರ್ಯಕ್ರಮವು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ವಿಸ್ತರಿಸಿತು. ೧೯೮೨ರಲ್ಲಿ ಇದರ ಹೊಣೆಯನ್ನು ಹೊರಲೆಂದೇ ಏಕಲವ್ಯ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಅದು ಸುಮಾರು ಹದಿನೈದು ಜಿಲ್ಲೆಗಳ ಸುಮಾರು ಒಂದು ಸಾವಿರ ಶಾಲೆಗಳನ್ನು ಮುಟ್ಟಿತು.

೩. ಕಲಿಕೆಯ ಕ್ರಮ

ತರಗತಿಯ ಮಕ್ಕಳು ನಾಲ್ಕು ನಾಲ್ಕು ಮಂದಿಯ ತಂಡಗಳಾಗಿ ಕುಳಿತುಕೊಳ್ಳುವರು. ಪ್ರತಿ ತಂಡಕ್ಕೂ ಅಗ್ಗದ ಸಾಮಗ್ರಿಯ ಒಂದು ಸೆಟ್ಟು. ಹೂವನ್ನು ಬಿಡಿಸಿ ನೋಡಲು ಉಕ್ಕಿನ ಸೂಜಿಯೇ ಬೇಕೆಂದಿಲ್ಲ. ಬೇಲಿಯ ಜಾಲಿಯ ಮುಳ್ಳು ಸಾಕು ಎಂಬುದು ಇಲ್ಲಿನ ನೀತಿ. ಇದನ್ನು ಬಡತನದ ರಾಜಿ ಎಂದು ತಿಳಿಯಬಾರದು. ಬೀರುವಿನಲ್ಲಿ ಬೀಗ ಹಾಕಿಟ್ಟ ಉಪಕರಣವು ಒಡೆದೀತೆಂಬ ಭಯದಿಂದ ಮಗುವಿನ ಕೈಗೆ ಬಾರದು. ಮುಳ್ಳು ಮುರಿದರೆ ಬೇಲಿಯಲ್ಲಿ ಇನ್ನೊಂದಿದೆ.

“ಬಾಲ ವೈಜ್ಞಾನಿಕ” ಎಂಬ ಹಿಂದಿ ಪುಸ್ತಕಗಳು ತರಗತಿಗೊಂದರಂತೆ ಮೂರು ಇದ್ದವು. ಇವುಗಳಲ್ಲಿ ಮಾಡಬೇಕಾದ ಪ್ರಯೋಗಗಳಿದ್ದವು, ಪ್ರಶ್ನೆಗಳಿದ್ದವು; ಸಿದ್ಧ ಉತ್ತರಗಳಿರಲಿಲ್ಲ. ಉತ್ತರವನ್ನು ಮಗುವೇ ತಾನು ಕಂಡುದರ ಆಧಾರದಿಂದ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಗುಂಪು ಮಾಡುವುದು, ಅಳೆಯುವುದು, ಬೇರ್ಪಡಿಸುವುದು, ಹೂವು, ಪ್ರಾಣಿಗಳ ಜೀವನಚಕ್ರ, ಆಕಾಶವೀಕ್ಷಣೆ ಮೊದಲಾದ ಅಧ್ಯಾಯಗಳೊಡನೆ ಸಂಭವನೀಯತೆಯೂ ಇಲ್ಲಿ ಸೇರಿತ್ತು. ಉದಾಹರಣೆಗೆ ಅಳತೆಯನ್ನೇ ತೆಗೆದುಕೊಳ್ಳೋಣ. ಒಂದೇ ಮೇಜನ್ನು ಇಪ್ಪತ್ತು ಮಕ್ಕಳು ಅಳೆದರೆ ಇಪ್ಪತ್ತು ಅಂಕಿಗಳು ಒಂದೇ ಆಗಿ ಬರುವುದಿಲ್ಲ. ವಾಡಿಕೆಯ ತರಗತಿಯಲ್ಲಿ ಒಂದು ಸರಿ, ಉಳಿದವು ತಪ್ಪು. ಇಲ್ಲಿಯಾದರೋ ಆ ವ್ಯತ್ಯಾಸವೇ ಪಾಠದ ವಸ್ತು. ಅಂಕಿಗಳು ಏಕೆ ಚದರಿದವು, ಎಷ್ಟು ಚದರಿದವು, ಯಾವುದನ್ನು ನಂಬಬಹುದು ಎಂಬ ವಿಚಾರಣೆಯಿಂದ ಸರಾಸರಿಯ ಕಲ್ಪನೆ ತಾನಾಗಿ ಮೂಡುತ್ತದೆ. ತನ್ನ ಅಂಕಿಯನ್ನು ಅಳಿಸಿ ಪಕ್ಕದವನದನ್ನು ಬರೆದುಕೊಳ್ಳುವ ಅಗತ್ಯ ಯಾವ ಮಗುವಿಗೂ ಬೀಳುವುದಿಲ್ಲ. ಕಂಡುದನ್ನು ಕಂಡಂತೆ ಹೇಳುವ ಧೈರ್ಯವೇ ವಿಜ್ಞಾನದ ಮೊದಲ ಪಾಠವಾದರೆ, ಆ ಪಾಠ ಆದುದು ಇಲ್ಲಿ.

ಉಪಾಧ್ಯಾಯರಿಗೆ ಬೇಸಿಗೆಯ ರಜೆಯಲ್ಲಿ ದೀರ್ಘ ತರಬೇತಿ ಇರುತ್ತಿತ್ತು. ಅಲ್ಲಿ ಅವರು ಕೇಳುಗರಾಗಿರದೆ ಮಕ್ಕಳಂತೆಯೇ ಪ್ರಯೋಗಗಳನ್ನು ಮಾಡುತ್ತಿದ್ದರು. ಪ್ರತಿ ತಿಂಗಳೂ ಸುತ್ತಣ ಶಾಲೆಗಳವರು ಒಂದೆಡೆ ಸೇರಿ ತಮ್ಮ ತೊಡಕುಗಳನ್ನು ಚರ್ಚಿಸುವರು. ಮಕ್ಕಳಿಗೆ ಸವಾಲೀರಾಮ ಎಂಬ ಒಬ್ಬ ಕಲ್ಪಿತ ಗೆಳೆಯನಿದ್ದನು. ಮನಸ್ಸಿಗೆ ತೋರಿದ ಯಾವ ಪ್ರಶ್ನೆಯನ್ನಾದರೂ ಅವನಿಗೆ ಕಾಗದದಲ್ಲಿ ಬರೆಯಬಹುದು. ಅವನ ಹೆಸರಿನಲ್ಲಿ ಕಾರ್ಯಕರ್ತರು ಉತ್ತರಿಸುವರು. ಹಳ್ಳಿಯ ಮಗುವಿನ ಹೆಸರಿಗೆ ಅಂಚೆಯಲ್ಲಿ ಕಾಗದ ಬರುವುದು ಎಂತಹ ಸಂಭ್ರಮ ಎಂಬುದನ್ನು ಊಹಿಸಬಹುದು. ಪದಕವಿಲ್ಲ, ಪ್ರಶಸ್ತಿಪತ್ರವಿಲ್ಲ, ಆದರೂ ಇದು ಮನ್ನಣೆಯೇ. ಉತ್ತರಕ್ಕೆ ಬಹುಮಾನ ಕೊಡುವ ಶಾಲೆಗಳು ಬೇಕಾದಷ್ಟಿವೆ. ಪ್ರಶ್ನೆಗೆ ಗೌರವ ತೋರಿಸಿದುದು ಇಲ್ಲಿನ ವಿಶೇಷ.

೪. ಪರೀಕ್ಷೆಯ ಪ್ರಶ್ನೆ

ಕಾರ್ಯಕ್ರಮದ ನಿಜವಾದ ಒರೆಗಲ್ಲು ಪರೀಕ್ಷೆ. ಎಂಟನೆಯ ತರಗತಿಯ ಕೊನೆಯಲ್ಲಿ ಸಾರ್ವಜನಿಕ ಪರೀಕ್ಷೆಯಿತ್ತು. ಮೂರು ವರ್ಷ ಪ್ರಯೋಗ ಮಾಡಿದ ಮಗುವಿಗೆ ಕೊನೆಯಲ್ಲಿ ವ್ಯಾಖ್ಯೆಗಳನ್ನು ಬಾಯಿಪಾಠ ಒಪ್ಪಿಸೆಂದು ಕೇಳಿದರೆ ಆ ಮೂರು ವರ್ಷಗಳೂ ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದಂತೆ. ಆದುದರಿಂದ ಶಿಕ್ಷಣ ಇಲಾಖೆಯ ಒಪ್ಪಿಗೆಯಿಂದ ಪರೀಕ್ಷೆಯನ್ನೇ ಬದಲಾಯಿಸಲಾಯಿತು. ಮಕ್ಕಳು ಪಠ್ಯಪುಸ್ತಕವನ್ನೂ ತಮ್ಮ ಟಿಪ್ಪಣಿ ಪುಸ್ತಕವನ್ನೂ ಪರೀಕ್ಷೆಗೆ ಕೊಂಡೊಯ್ಯಬಹುದಾಗಿತ್ತು. ಬರೆವಣಿಗೆಯ ಪರೀಕ್ಷೆಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು.

ಪುಸ್ತಕ ತೆರೆದಿಟ್ಟ ಪರೀಕ್ಷೆ ಸುಲಭವೆಂದು ಮೇಲ್ನೋಟಕ್ಕೆ ತೋರಬಹುದು. ವಿಚಾರಮಾಡಿದರೆ ಕಷ್ಟದ ಹೊರೆ ಪ್ರಶ್ನೆಪತ್ರಿಕೆ ತಯಾರಿಸುವವರ ಮೇಲೆ ಬೀಳುತ್ತದೆ. ಪುಸ್ತಕದಲ್ಲಿ ಉತ್ತರ ಸಿಗುವ ಪ್ರಶ್ನೆಯನ್ನು ಅವರು ಕೇಳುವಂತಿಲ್ಲ. ಮರಳು, ಉಪ್ಪು, ಮರದ ಹೊಟ್ಟು ಬೆರೆತ ಒಂದು ಹಿಡಿ ಪುಡಿಯನ್ನು ಮಗುವಿನ ಮುಂದಿಟ್ಟು ಬೇರ್ಪಡಿಸೆಂದು ಹೇಳಿದೆವೆಂದು ಭಾವಿಸೋಣ. ನೀರಿಗೆ ಹಾಕಿದರೆ ಹೊಟ್ಟು ತೇಲುತ್ತದೆ, ಮರಳು ತಳಕ್ಕೆ ಇಳಿಯುತ್ತದೆ, ಉಪ್ಪು ಕರಗುತ್ತದೆ, ನೀರನ್ನು ಇಂಗಿಸಿದರೆ ಮರಳಿ ದೊರೆಯುತ್ತದೆ ಎಂಬ ಕ್ರಮವನ್ನು ತಾನೇ ಯೋಜಿಸಿದ ಮಗು, ಶೋಧನೆಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದ ಮಗುವಿಗಿಂತ ಹೆಚ್ಚನ್ನು ಬಲ್ಲದು. ಇಂತಹ ಪರೀಕ್ಷೆಯಲ್ಲಿ ಅಂಕವೆಂಬುದು ಜ್ಞಾಪಕಶಕ್ತಿಯ ಕೂಲಿಯಾಗಿರದೆ, ವಿವೇಚನೆಗೆ ದೊರೆತ ಮನ್ನಣೆಯಾಗುತ್ತದೆ. ಇದು ಹಲವರಲ್ಲಿ ಕೆಲವರನ್ನು ಆರಿಸುವ ಮನ್ನಣೆಯಲ್ಲ. ಪ್ರತಿಯೊಂದು ಮಗುವೂ ಅರಿಯಬಲ್ಲದು ಎಂದು ಒಪ್ಪಿಕೊಳ್ಳುವ ಮನ್ನಣೆ. ಹೋಶಂಗಾಬಾದಿನ ಪ್ರಯೋಗದ ಮುಖ್ಯ ಸಾಧನೆ ಪ್ರಯೋಗ ಸಾಮಗ್ರಿಯಲ್ಲ, ಈ ಪರೀಕ್ಷೆ ಎಂಬುದು ನಮ್ಮ ಅಭಿಪ್ರಾಯ.

೫. ಮುಕ್ತಾಯ ಮತ್ತು ವಿಮರ್ಶೆ

೨೦೦೨ರಲ್ಲಿ ರಾಜ್ಯ ಸರ್ಕಾರವು ಕಾರ್ಯಕ್ರಮವನ್ನು ನಿಲ್ಲಿಸಿತು. ರಾಜ್ಯಕ್ಕೆಲ್ಲ ಒಂದೇ ಪಾಠಕ್ರಮವಿರಬೇಕು, ಈ ಪದ್ಧತಿಯಲ್ಲಿ ಕಲಿತವರು ಮೇಲಿನ ತರಗತಿಗಳ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆ ಎಂಬುವು ಆಗ ಕೇಳಿಬಂದ ಆಕ್ಷೇಪಗಳು. ದೇಶದ ಅನೇಕ ವಿಜ್ಞಾನಿಗಳೂ ಶಿಕ್ಷಣತಜ್ಞರೂ ಇದನ್ನು ಪ್ರತಿಭಟಿಸಿದರು, ತೀರ್ಮಾನ ಬದಲಾಗಲಿಲ್ಲ.

ಇತಿಹಾಸಕಾರನು ಇಲ್ಲಿ ಪಕ್ಷಪಾತಿಯಾಗಬಾರದು. ಕಾರ್ಯಕ್ರಮಕ್ಕೆ ನಿಜವಾದ ತೊಡಕುಗಳಿದ್ದವು. ಮುಗಿದ ಸಾಮಗ್ರಿಯನ್ನು ವರ್ಷವರ್ಷವೂ ತುಂಬಿಕೊಡಬೇಕು. ತರಬೇತಿ ಪಡೆದ ಉಪಾಧ್ಯಾಯರಿಗೆ ವರ್ಗವಾದರೆ ತರಗತಿ ಹಳೆಯ ಜಾಡಿಗೆ ಬೀಳುತ್ತದೆ. ಪ್ರಯೋಗ ಮಾಡಿಸದೆ ಉತ್ತರವನ್ನು ಬರೆಸಿಬಿಡುವ ಆಕರ್ಷಣೆ ಎಲ್ಲ ಕಾಲಕ್ಕೂ ಇದ್ದುದೇ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಒಂಬತ್ತನೆಯ ತರಗತಿಯ ಹೊಸ್ತಿಲು. ಎಂಟರವರೆಗೆ ಒಂದು ಬಗೆಯ ಮನ್ನಣೆ, ಅಲ್ಲಿಂದಾಚೆಗೆ ಬೇರೊಂದು ಬಗೆಯದು. ಆ ಹೊಸ್ತಿಲಿನಲ್ಲಿ ಎಡವಿದ ಮಗುವನ್ನು ನೋಡಿ, ತಪ್ಪು ಹಿಂದಿನ ಮನೆಯದೆಂದು ಹೇಳುವುದು ಸುಲಭ. ಮುಂದಿನ ಮನೆಯ ಬಾಗಿಲೇ ಕಿರಿದಾಗಿರಬಹುದೆಂದು ಶಂಕಿಸುವವರು ಕಡಮೆ. ತಂದೆತಾಯಿಗಳ ಆತಂಕವಾದರೋ ಸಹಜವಾದುದು. ಬಡವನ ಮಗುವಿಗೆ ಇರುವ ಒಂದೇ ಏಣಿ ಸಾರ್ವಜನಿಕ ಪರೀಕ್ಷೆ. ಆ ಏಣಿಯೊಡನೆ ಪ್ರಯೋಗ ಮಾಡುವವರು ಅದರ ಮೇಲಿನ ಮೆಟ್ಟಿಲುಗಳನ್ನೂ ನೋಡಿಕೊಳ್ಳಬೇಕಾಗುತ್ತದೆ. ಅದು ಒಂದು ಸಂಸ್ಥೆಯ ಶಕ್ತಿಗೆ ಮೀರಿದ ಕೆಲಸ; ಇಡೀ ವ್ಯವಸ್ಥೆಯೇ ಮಾಡಬೇಕಾದುದು.

ಆದರೂ ಪ್ರಯತ್ನವು ಬಂಜೆಯಾಗಲಿಲ್ಲ. ೧೯೭೨ರಲ್ಲಿ ಬೆಂಬಲ ನೀಡಿದ ಯಶಪಾಲರೇ ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಮಿತಿಗೆ ಅಧ್ಯಕ್ಷರಾಗಿದ್ದರು. ಕಂಠಪಾಠವನ್ನು ಬಿಟ್ಟು ಅನುಭವದಿಂದ ಕಲಿಯಬೇಕು, ಪರೀಕ್ಷೆ ಸುಧಾರಿಸಬೇಕು ಎಂಬ ವಿಚಾರಗಳಿಗೆ ಆ ಚೌಕಟ್ಟಿನಲ್ಲಿ ಮುಖ್ಯಸ್ಥಾನ ದೊರೆಯಿತು. ೧೯೭೦ರ ದಶಕದ ಕೊನೆಯಲ್ಲಿ ಹೋಶಂಗಾಬಾದಿಗೆ ಬಂದ ಇಂಜಿನಿಯರ್ ಅರವಿಂದ ಗುಪ್ತರು ಅಲ್ಲಿ ಬೆಂಕಿಕಡ್ಡಿಗಳನ್ನೂ ಸೈಕಲ್ಲಿನ ವಾಲ್ವ್ ಟ್ಯೂಬನ್ನೂ ಜೋಡಿಸಿ ಆಕೃತಿಗಳನ್ನು ರಚಿಸಿದರು. ಅಂತಹ ಆಟಿಕೆಗಳನ್ನು ಇಂದು ದೇಶದ ಅನೇಕ ಭಾಷೆಗಳ ಮಕ್ಕಳು ಮಾಡುತ್ತಿದ್ದಾರೆ.

ಕರ್ನಾಟಕದ ನಮಗೆ ಈ ಇತಿಹಾಸ ಹೊರಗಿನದಲ್ಲ. ೨೦೨೩ ಮತ್ತು ೨೦೨೪ರಲ್ಲಿ ನಮ್ಮ ರಾಜ್ಯದ ಕೆಳಗಿನ ತರಗತಿಗಳ ಮಕ್ಕಳಿಗೆ ಮಂಡಳಿಯ ಮಟ್ಟದ ಮೌಲ್ಯಾಂಕನ ನಡೆಸಬೇಕೆ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲನ್ನು ಏರಿತು. ಪರೀಕ್ಷೆ ಇರಬೇಕೆ, ಬೇಡವೆ ಎಂಬುದೇ ಅಲ್ಲಿ ಚರ್ಚೆಗೆ ಬಂದಿತು. ಪರೀಕ್ಷೆ ಯಾವುದನ್ನು ಮೆಚ್ಚಬೇಕು ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಹೋಶಂಗಾಬಾದಿನ ಮೂವತ್ತು ವರ್ಷಗಳು ಎತ್ತಿದುದು ಎರಡನೆಯ ಪ್ರಶ್ನೆಯನ್ನು. ಉಪಾಧ್ಯಾಯರಾಗಿರುವವರೂ ಮುಂದೆ ಆಗಲಿರುವವರೂ ಇದನ್ನು ತಮ್ಮ ತಮ್ಮ ತರಗತಿಗಳಲ್ಲಿ ಒಮ್ಮೆ ಕೇಳಿಕೊಳ್ಳಬಹುದು. ಮಗುವೊಂದು ಕೈಯೆತ್ತಿ, ಪುಸ್ತಕದಲ್ಲಿರುವುದಕ್ಕಿಂತ ಬೇರೆಯಾದುದನ್ನು ತಾನು ಕಂಡೆನೆಂದು ಹೇಳಿದಾಗ, ನಾವು ಅದನ್ನು ಕೂರಿಸುತ್ತೇವೆಯೋ, ಮುಂದೆ ಕರೆದು ತೋರಿಸೆಂದು ಹೇಳುತ್ತೇವೆಯೋ?