ಪುಟ್ಟ ಮಕ್ಕಳ ಪಾನೀಯ: ಹಸಿರು ಚುಕ್ಕೆಯ ಆಚೆಗೆ ಜೈನ ಮನೆಗಳು ನೋಡಬೇಕಾದದ್ದು

ಮಗುವಿಗೆಂದು ಅಂಗಡಿಯಿಂದ ಜ್ಯೂಸ್ ಪೊಟ್ಟಣವನ್ನೋ ಹಾಲಿಗೆ ಬೆರೆಸುವ ಪುಡಿಯನ್ನೋ ತರುವಾಗ ಜೈನ ಮನೆಯವರು ಮೊದಲು ಹುಡುಕುವುದು ಹಸಿರು ಚುಕ್ಕೆಯನ್ನು. ಅದು ಕಂಡರೆ ಸಮಾಧಾನ. ಆದರೆ ಆ ಚುಕ್ಕೆ ಉತ್ತರಿಸುವುದು ಒಂದೇ ಪ್ರಶ್ನೆಗೆ: ಸರ್ಕಾರದ ವ್ಯಾಖ್ಯೆಯ ಪ್ರಕಾರ ಇದು ಸಸ್ಯಾಹಾರವೇ? ಜೇನುತುಪ್ಪ ಸೇರಿದೆಯೇ, ಬಣ್ಣ ಗೆಡ್ಡೆಯಿಂದ ಬಂದದ್ದೇ, ಸಕ್ಕರೆ ಎಷ್ಟಿದೆ, ಎರಡು ವರ್ಷದ ಮಗುವಿಗೆ ಇದು ತಕ್ಕದ್ದೇ ಎಂಬುದನ್ನು ಅದು ಹೇಳುವುದಿಲ್ಲ.

ಶ್ರಾವಕಾಚಾರ ಹೇಳುವ ನಿಯಮಗಳೂ ಮಕ್ಕಳ ವೈದ್ಯರು ಹೇಳುವ ಮಾತೂ ಈ ವಿಷಯದಲ್ಲಿ ಬಹುಮಟ್ಟಿಗೆ ಕೂಡಿಬರುತ್ತವೆ. ಎರಡೂ ಕೇಳುವುದು ಆಗಷ್ಟೇ ಮಾಡಿದ, ಶುದ್ಧ ನೀರಿನ, ಬೇಗ ಕುಡಿದು ಮುಗಿಸುವ ಪಾನೀಯವನ್ನು. ಬಣ್ಣ, ಸಂರಕ್ಷಕ ಇಲ್ಲದ ಪಾನೀಯಕ್ಕಾಗಿ ದುಬಾರಿ ಡಬ್ಬಿಗಳನ್ನು ಹುಡುಕುವ ಅಗತ್ಯ ಇದರಿಂದ ಬಹಳ ಕಡಿಮೆಯಾಗುತ್ತದೆ.

ಹಸಿರು ಚುಕ್ಕೆ ಏನು ಹೇಳುತ್ತದೆ

ಆಹಾರ ಲೇಬಲ್ ಕುರಿತ 2020ರ ನಿಯಮಾವಳಿಯಂತೆ ಪ್ರಾಣಿ, ಪಕ್ಷಿ, ಕೀಟ, ಜಲಚರ, ಮೊಟ್ಟೆ ಅಥವಾ ಪ್ರಾಣಿಜನ್ಯ ವಸ್ತು ಸೇರಿದ ಆಹಾರ ಮಾಂಸಾಹಾರ. ಅದಕ್ಕೆ ಚೌಕದೊಳಗೆ ಕಂದು ತ್ರಿಕೋನದ ಗುರುತು. ಆದರೆ ಹಾಲು, ಹಾಲಿನ ಉತ್ಪನ್ನಗಳ ಜೊತೆಗೆ ಜೇನುತುಪ್ಪ, ಜೇನುಮೇಣ, ಅರಗು ಇವನ್ನೂ ಆ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಹಾಗಾಗಿ ಜೇನುತುಪ್ಪ ಬೆರೆತ ಪಾನೀಯಕ್ಕೂ ಹಸಿರು ಚುಕ್ಕೆಯೇ ಇರುತ್ತದೆ.

ಮದ್ಯ, ಮಾಂಸ, ಮಧು ಮತ್ತು ಐದು ಉದುಂಬರ ಫಲಗಳ ತ್ಯಾಗವೇ ಅಷ್ಟಮೂಲಗುಣ. ಮಕ್ಕಳಿಗೆ ಸಕ್ಕರೆಯ ಬದಲು ‘ಆರೋಗ್ಯಕರ’ ಎಂದು ಇಂದು ಹೆಚ್ಚು ಕೇಳಿಬರುವ ಎರಡು ಸಿಹಿಗಳು ಜೇನು ಮತ್ತು ಅಂಜೂರ. ಜೇನು ಮಧುವೇ ಆಯಿತು. ಅಂಜೂರವನ್ನು ಉದುಂಬರಗಳ ಸಾಲಿಗೆ ಸೇರಿಸುವ ರೂಢಿಯಿದೆ. ‘ಸಕ್ಕರೆ ರಹಿತ’ ಎಂದು ದೊಡ್ಡಕ್ಷರದಲ್ಲಿ ಬರೆದ ಪೊಟ್ಟಣದ ಹಿಂಬದಿಯಲ್ಲಿ ಈ ಎರಡರಲ್ಲಿ ಒಂದು ಇರಬಹುದು. ಒಂದು ವರ್ಷದೊಳಗಿನ ಶಿಶುವಿಗೆ ಜೇನು ಕೊಡಲೇಬಾರದು ಎಂಬುದು ವೈದ್ಯಕೀಯ ನಿಯಮವೂ ಹೌದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದಿಂದ ಎಳೆಗೂಸುಗಳಿಗೆ ಬಾಟುಲಿಸಂ ಎಂಬ ಅಪಾಯಕಾರಿ ರೋಗ ಬರುತ್ತದೆ.

ಲೇಬಲ್ ಹಿಂಬದಿಯ ಸಂಖ್ಯೆಗಳು

ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ‘ಐಎನ್‌ಎಸ್’ ಎಂಬುದರ ಮುಂದೆ ಇರುವ ಸಂಖ್ಯೆಗಳು ಆಹಾರ ಸೇರ್ಪಡೆಗಳ ಗುರುತು. ಮಕ್ಕಳ ಪಾನೀಯಗಳಲ್ಲಿ ಗಮನಿಸಬೇಕಾದವು ಇವು:

- 120: ಕಾರ್ಮೈನ್ ಅಥವಾ ಕೊಚಿನಿಯಲ್. ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಕೀಟವನ್ನು ಒಣಗಿಸಿ ತೆಗೆಯುವ ಕೆಂಪು ಬಣ್ಣ. ಭಾರತದ ನಿಯಮದಲ್ಲಿ ಕೀಟವೂ ಮಾಂಸಾಹಾರದ ಪಟ್ಟಿಯಲ್ಲಿದೆ. ಆದರೆ ವಿದೇಶದಿಂದ ನೆಂಟರು ತರುವ ಪೊಟ್ಟಣಗಳಲ್ಲಿ ನಮ್ಮ ಚುಕ್ಕೆಯೇ ಇರುವುದಿಲ್ಲ. ಅಲ್ಲಿ ಈ ಸಂಖ್ಯೆಯನ್ನೇ ಹುಡುಕಬೇಕು.
- 162: ಬೀಟ್‌ರೂಟ್‌ನಿಂದ ತೆಗೆದ ಕೆಂಪು. ‘ನೈಸರ್ಗಿಕ ಬಣ್ಣ’ ಎಂಬ ಮಾತು ನಿಜವೇ, ಆದರೆ ಕಂದಮೂಲ ಬಿಟ್ಟ ಮನೆಗೆ ಅದು ಸಲ್ಲದು.
- 102, 110, 122, 124: ಹಳದಿ, ಕಿತ್ತಳೆ, ಕೆಂಪು ಕೃತಕ ಬಣ್ಣಗಳು. ಬಾದಾಮಿ ಹಾಲಿನ ಪುಡಿ, ಕಿತ್ತಳೆ ಮತ್ತು ಗುಲಾಬಿ ಶರಬತ್ತುಗಳಲ್ಲಿ ಸಾಮಾನ್ಯ.
- 211: ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ.
- 471: ಇದರ ಕೊಬ್ಬು ಸಸ್ಯದ್ದೂ ಆಗಬಹುದು, ಪ್ರಾಣಿಯದ್ದೂ ಆಗಬಹುದು. ಹಸಿರು ಚುಕ್ಕೆ ಇದ್ದರೆ ಸಸ್ಯಮೂಲ ಎಂದು ತಿಳಿಯಬಹುದು. ಚುಕ್ಕೆಯಿಲ್ಲದ ವಿದೇಶಿ ಪೊಟ್ಟಣದಲ್ಲಿ ಗೊತ್ತಾಗುವುದಿಲ್ಲ.
- ವಿಟಮಿನ್ ಡಿ3: ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಡಿ2 ಪ್ರಾಣಿಮೂಲದ್ದಲ್ಲ. ವೈದ್ಯರು ಹನಿ ಬರೆದುಕೊಡುವಾಗ ಪ್ರಾಣಿಮೂಲವಲ್ಲದ್ದು ಬೇಕೆಂದು ಕೇಳಬಹುದು. ಆದರೆ ಆ ಕಾರಣಕ್ಕೆ ಮಗುವಿಗೆ ವಿಟಮಿನ್ನನ್ನೇ ತಪ್ಪಿಸಬಾರದು.

ಕೃತಕ ಬಣ್ಣಗಳ ಬಗ್ಗೆ ಎಚ್ಚರ ಬರೀ ಭಯವಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 3 ವರ್ಷದ ಮತ್ತು 8–9 ವರ್ಷದ ಮಕ್ಕಳಿಗೆ ಕೃತಕ ಬಣ್ಣ ಹಾಗೂ ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದ ಅಧ್ಯಯನ 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲ ಮಕ್ಕಳಲ್ಲೂ ಒಂದೇ ರೀತಿಯ ಪರಿಣಾಮ ಕಾಣದಿದ್ದರೂ ಹಲವರಲ್ಲಿ ಚಡಪಡಿಕೆ ಹೆಚ್ಚಿತ್ತು. ಆ ಬಳಿಕ ಯುರೋಪ್ ಒಕ್ಕೂಟ 2010ರಿಂದ ಆರು ಬಣ್ಣಗಳಿಗೆ ಎಚ್ಚರಿಕೆಯ ಸಾಲನ್ನು ಕಡ್ಡಾಯ ಮಾಡಿತು. ಮೇಲಿನ ನಾಲ್ಕೂ ಆ ಆರರಲ್ಲಿವೆ; ನಮ್ಮಲ್ಲಿ ಅವು ಮಿತಿಯೊಳಗೆ ಅನುಮತಿಸಲ್ಪಟ್ಟ ಬಣ್ಣಗಳು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ತಡೆದದ್ದು ಪೋಷಕರಿಗೆ ನೆನಪಿರಬಹುದು.

‘ಹೆಲ್ತ್ ಡ್ರಿಂಕ್’ ಎಂಬ ಹೆಸರು

ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎನ್ನುವುದು ರೂಢಿ. ಆದರೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥದೊಂದು ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇದನ್ನು ಸ್ಪಷ್ಟಪಡಿಸಿ, ಆ ಹೆಸರಿನಡಿ ಇಂಥ ಪುಡಿಗಳನ್ನು ಮಾರಬಾರದೆಂದು ಆನ್‌ಲೈನ್ ಮಳಿಗೆಗಳಿಗೆ ಸೂಚಿಸಿತು. ಅದೇ ವರ್ಷ ಜೂನ್‌ನಲ್ಲಿ, ನೀರು ಬೆರೆಸಿ ತಯಾರಿಸಿದ ಹಣ್ಣಿನ ರಸದ ಮೇಲೆ ‘ಶೇ. 100 ಹಣ್ಣಿನ ರಸ’ ಎಂದು ಬರೆಯುವುದನ್ನೂ ನಿಲ್ಲಿಸಲು ಹೇಳಿತು.

ಸಕ್ಕರೆಯ ಲೆಕ್ಕ ಸುಲಭ. ಪೌಷ್ಟಿಕಾಂಶ ಪಟ್ಟಿಯಲ್ಲಿ 100 ಮಿ.ಲೀ.ಗೆ 12 ಗ್ರಾಂ ಸಕ್ಕರೆ ಎಂದಿದ್ದರೆ 200 ಮಿ.ಲೀ. ಪೊಟ್ಟಣದಲ್ಲಿ 24 ಗ್ರಾಂ, ಅಂದರೆ ಐದಾರು ಚಮಚ. ಮಾಲ್ಟೊಡೆಕ್ಸ್‌ಟ್ರಿನ್, ಗ್ಲೂಕೋಸ್ ಸಿರಪ್ ಎಂಬ ಹೆಸರುಗಳು ಕಂಡರೆ ಅವೂ ದೇಹದಲ್ಲಿ ಬೇಗನೆ ಸಕ್ಕರೆಯಾಗುವಂಥವೇ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಮೊಳಕೆಯನ್ನು ಅನಂತಕಾಯವೆಂದು ಬಿಟ್ಟವರು ಇದನ್ನೂ ಗಮನಿಸಬೇಕು.

ಯಾವ ವಯಸ್ಸಿಗೆ ಏನು

ಹುಟ್ಟಿದಂದಿನಿಂದ 6 ತಿಂಗಳವರೆಗೆ: ತಾಯಿಯ ಹಾಲು ಮಾತ್ರ. ನೀರೂ ಬೇಡ, ಸಕ್ಕರೆ ನೀರು, ಬೆಲ್ಲದ ನೀರು ನೆಕ್ಕಿಸುವುದೂ ಬೇಡ.

6 ತಿಂಗಳಿಂದ 1 ವರ್ಷ: ತಾಯಿಯ ಹಾಲು ಮುಂದುವರಿಯಲಿ. ಗಟ್ಟಿ ಆಹಾರದ ಜೊತೆ ಕುದಿಸಿ ಆರಿಸಿದ ನೀರು ಗುಟುಕು ಗುಟುಕಾಗಿ. ಹಸುವಿನ ಹಾಲು ಈ ಹಂತದಲ್ಲಿ ಮುಖ್ಯ ಪಾನೀಯ ಆಗಬಾರದು.

1ರಿಂದ 2 ವರ್ಷ: ನೀರು, ಕಾಯಿಸಿದ ಹಾಲು, ತೆಳು ಮಜ್ಜಿಗೆ. ಎರಡು ವರ್ಷ ತುಂಬುವವರೆಗೆ ಸಕ್ಕರೆ, ಬೆಲ್ಲ ಸೇರಿಸಬಾರದು. ಹಣ್ಣಿನ ರಸದ ಬದಲು ಹಣ್ಣನ್ನೇ ಕಿವುಚಿ ಕೊಡಬೇಕು.

2ರಿಂದ 5 ವರ್ಷ: ನೀರು ಮತ್ತು ಹಾಲೇ ಮುಖ್ಯ. ತಾಜಾ ಹಣ್ಣಿನ ರಸ ಕೊಡುವುದಾದರೆ ದಿನಕ್ಕೆ ಅರ್ಧ ಲೋಟ, ಸುಮಾರು 125 ಮಿ.ಲೀ. ಮೀರದಿರಲಿ. ಚಹಾ, ಕಾಫಿ ಬೇಡ. ಹಾಲು ಕೂಡ ದಿನಕ್ಕೆ ಅರ್ಧ ಲೀಟರ್ ದಾಟಿದರೆ ಮಗು ಊಟ ಬಿಡುತ್ತದೆ, ಕಬ್ಬಿಣದ ಕೊರತೆಯಾಗುತ್ತದೆ.

ಮಾಂಸ, ಮೊಟ್ಟೆ ಇಲ್ಲದ ಮನೆಯಲ್ಲಿ ವಿಟಮಿನ್ ಬಿ12ರ ಸಹಜ ಮೂಲ ಹಾಲು, ಮೊಸರು, ಮಜ್ಜಿಗೆ. ಅಹಿಂಸೆಯ ದೃಷ್ಟಿಯಿಂದ ಹಾಲನ್ನೂ ಬಿಟ್ಟ ಕುಟುಂಬಗಳು ಮಗುವಿನ ಬಿ12 ಬಗ್ಗೆ ವೈದ್ಯರೊಡನೆ ಮಾತಾಡಲೇಬೇಕು. ತೆಂಗಿನ ಹಾಲಾಗಲಿ ಬಾದಾಮಿ ಹಾಲಾಗಲಿ ಆ ಕೊರತೆಯನ್ನು ತುಂಬುವುದಿಲ್ಲ.

ಮನೆಯಲ್ಲೇ ಆಗುವ ಪಾನೀಯಗಳು

ರಾಗಿ ಅಂಬಲಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಮೊಳಕೆ ಬಿಟ್ಟವರು ರಾಗಿಯನ್ನು ಆರಿಸಿ, ತೊಳೆದು, ಬಿಸಿಲಿಗೆ ಒಣಗಿಸಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದರಾಯಿತು. ಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕದಡಿ ಕುದಿಸಿ, ಆರಿದ ಮೇಲೆ ಅದೇ ದಿನದ ಮಜ್ಜಿಗೆ ಬೆರೆಸಬೇಕು. ರಾತ್ರಿಯಿಡೀ ಹುಳಿ ಬರಿಸುವ ಅಂಬಲಿ ಜೈನ ಅಡುಗೆಗೆ ಹೊಂದದು. ಹುರಿಗಡಲೆ, ಹೆಸರುಬೇಳೆ ಸೇರಿಸಿದ ಪುಡಿಯಾದರೆ ಮಜ್ಜಿಗೆ ಹಾಕಬಾರದು; ದ್ವಿದಳದ ದೋಷ ಬರುತ್ತದೆ. ಅದನ್ನು ನೀರಲ್ಲೇ ಬೇಯಿಸಿ ಕೊಡಬಹುದು.

ಪುನರ್ಪುಳಿ: ಮಲೆನಾಡಿನಲ್ಲಿ ಮುರುಗಲು ಎನ್ನುವ ಈ ಹಣ್ಣಿನ ಒಣಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿದರೆ ಬಣ್ಣ ಹಾಕದೆಯೇ ಕಡುಗೆಂಪು. ಕೆಂಪು ಶರಬತ್ತು ಬೇಕೆಂದು ಹಟ ಮಾಡುವ ಮಗುವಿಗೆ ಇದು ಚೆನ್ನಾಗಿ ಹೊಂದುತ್ತದೆ.

ಪಾನಕ: ಬೆಲ್ಲ, ನಿಂಬೆರಸ, ಏಲಕ್ಕಿ, ಚಿಟಿಕೆ ಒಣಶುಂಠಿ. ಹಸಿಶುಂಠಿ ಬೇಡ. ಬೆಲ್ಲವನ್ನು ಕರಗಿಸಿ ಬಟ್ಟೆಯಲ್ಲಿ ಸೋಸಿದರೆ ಇರುವೆ, ಕಸ ಉಳಿಯುವುದಿಲ್ಲ. ಬೆಲ್ಲವೂ ಸಕ್ಕರೆಯೇ ಆದ್ದರಿಂದ ಇದು ಹಬ್ಬದ ದಿನದ ಪಾನೀಯ, ನಿತ್ಯದ್ದಲ್ಲ. ಅಕ್ಷಯ ತೃತೀಯೆಯ ಕಬ್ಬಿನ ಹಾಲಿಗೂ ಇದೇ ಮಾತು. ಆದಿನಾಥ ತೀರ್ಥಂಕರರು ಶ್ರೇಯಾಂಸನಿಂದ ಇಕ್ಷುರಸದ ಆಹಾರ ಪಡೆದ ದಿನವೆಂದು ಅಂದು ಮಗುವಿಗೂ ಒಂದು ಸಣ್ಣ ಲೋಟ ಕೊಡಬಹುದು. ರಸ್ತೆ ಬದಿಯ ಐಸ್ ಹಾಕಿದ್ದು ಬೇಡ.

ಖರ್ಜೂರದ ಹಾಲು: ಅಂಜೂರ, ಜೇನಿನ ಬದಲಿಗೆ. ಖರ್ಜೂರವನ್ನು ಬಿಡಿಸಿ ಒಳಗೆ ಹುಳವಿಲ್ಲವೆಂದು ನೋಡಿ, ನೆನೆಸಿ ಅರೆದು ಕಾಯಿಸಿದ ಹಾಲಿಗೆ ಹಾಕಬೇಕು.

ಎಳನೀರು: ಕೊಚ್ಚಿದ ಕೂಡಲೇ ಕೊಡಬೇಕು. ನನ್ನಾರಿ, ಲಾವಂಚದ ಶರಬತ್ತುಗಳು ಬೇರಿನವು ಎಂಬುದನ್ನು ಬೇರು ಬಿಟ್ಟವರು ನೆನಪಿಡಬೇಕು.

ಕಾಲಮಿತಿ

ದಿಗಂಬರ ಪರಂಪರೆಯಲ್ಲಿ ಪ್ರತಿ ವಸ್ತುವಿಗೂ ಮರ್ಯಾದೆ, ಅಂದರೆ ಬಳಸಬಹುದಾದ ಅವಧಿ, ಹೇಳಿದೆ. ಸಂರಕ್ಷಕ ಹಾಕದ ಆಹಾರಕ್ಕೆ ಇದೇ ಒಳ್ಳೆಯ ಅಳತೆ.

- ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಿದ ನೀರು: 48 ನಿಮಿಷ. ಕುದಿಸಿದ ನೀರು: 24 ಗಂಟೆ.
- ಹಾಲು: ಕರೆದ 48 ನಿಮಿಷದೊಳಗೆ ಕಾಯಿಸಬೇಕು.
- ಬೀಸಿದ ಹಿಟ್ಟು: ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ.

ಬಟ್ಟೆಯಲ್ಲಿ ಸೋಸಿದರೆ ಕಣ್ಣಿಗೆ ಕಾಣುವ ಜೀವಿಗಳು ಹೊರಗುಳಿಯುತ್ತವೆ, ರೋಗಾಣುಗಳೆಲ್ಲ ಹೋಗುವುದಿಲ್ಲ. ಆದ್ದರಿಂದ ಚಿಕ್ಕ ಮಕ್ಕಳಿಗೆ ಸೋಸಿದ ಮೇಲೆ ಕುದಿಸಿದ ನೀರೇ ಆಗಬೇಕು. ಮಕ್ಕಳ ರಾಗಿ ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸದೆ ವಾರಕ್ಕೊಮ್ಮೆ ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುವುದು ಈಗಿನ ಮನೆಗಳಿಗೆ ಅನುಕೂಲ. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಸ್ವಲ್ಪ.

ಸಂಜೆಯ ಹಾಲು, ಕಾಯಿಲೆಯ ರಾತ್ರಿ

ಚಳಿಗಾಲದಲ್ಲಿ 6 ಗಂಟೆಯ ಆಸುಪಾಸಿಗೇ ಸೂರ್ಯಾಸ್ತ. ಶಾಲೆಯಿಂದ ಬಂದ ಮಗುವಿಗೆ ಬಿಸ್ಕತ್ತಿನ ಜೊತೆ ಪುಡಿ ಹಾಕಿದ ಹಾಲು ಕೊಟ್ಟರೆ ಹೊತ್ತು ಮುಳುಗುವ ಮುನ್ನ ಊಟ ಸೇರುವುದಿಲ್ಲ. ಬಂದ ಕೂಡಲೇ ನೀರು, ಒಂದು ಹಣ್ಣು. ಊಟದ ಕೊನೆಗೆ ಬರೀ ಹಾಲು ಎಂದು ಕ್ರಮ ಮಾಡಿಕೊಂಡ ಮನೆಗಳಲ್ಲಿ ಎರಡೂ ಸರಿದೂಗುತ್ತವೆ.

ವಾಂತಿ ಭೇದಿಯಾದಾಗ ಮಾತು ಬೇರೆ. ಮಗುವಿನ ಮೈಯ ನೀರು ಬತ್ತುವುದಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಎಂಟು ವರ್ಷ ತುಂಬಿದ ಮೇಲೆ ಮೂಲಗುಣಗಳ ಸಂಸ್ಕಾರ ಕೊಡುವುದು ಪದ್ಧತಿ. ಅದಕ್ಕಿಂತ ಚಿಕ್ಕ ಮಗುವಿಗೆ ವ್ರತದ ಹೊಣೆ ಇಲ್ಲ. ರಾತ್ರಿಯಾಯಿತೆಂದು ಎದೆಹಾಲನ್ನಾಗಲಿ ಒಆರ್‌ಎಸ್ ಅನ್ನಾಗಲಿ ತಡೆಯಬಾರದು. ಔಷಧ ಅಂಗಡಿಯಲ್ಲಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ, 1 ಲೀಟರ್ ನೀರಿಗೆ ಬೆರೆಸುವ 20.5 ಗ್ರಾಂ ಪುಡಿಯನ್ನೇ ಕೇಳಬೇಕು. ಪೊಟ್ಟಣದಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಅದಕ್ಕೆ ಬದಲಿಯಲ್ಲ, ಎಳನೀರೂ ಅಲ್ಲ. ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ ದ್ರಾವಣವನ್ನು 24 ಗಂಟೆಯ ನಂತರ ಚೆಲ್ಲಬೇಕೆಂದು ವೈದ್ಯರು ಹೇಳುತ್ತಾರೆ. ಕುದಿಸಿದ ನೀರಿನ ಮರ್ಯಾದೆಯೂ ಅಷ್ಟೇ. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಕುಡಿದದ್ದೆಲ್ಲ ಹೊರಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಸದಿ, ಮೆರವಣಿಗೆಗಳಲ್ಲಿ

ಮಹಾವೀರ ಜಯಂತಿ ಬರುವುದು ಚೈತ್ರದ ಬಿಸಿಲಿನಲ್ಲಿ. ಮೆರವಣಿಗೆಯ ದಾರಿಯಲ್ಲಿ ಮಕ್ಕಳ ಕೈಗೆ ಬಣ್ಣದ ತಂಪು ಪಾನೀಯದ ಬಾಟಲಿ ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ಅದೇ ಖರ್ಚಿನಲ್ಲಿ ಸೋಸಿ ಕುದಿಸಿ ಆರಿಸಿದ ನೀರು, ಇಂಗು ಕರಿಬೇವಿನ ಮಜ್ಜಿಗೆ, ಪುನರ್ಪುಳಿ ಪಾನಕ ಇಡಬಹುದು. ಮಜ್ಜಿಗೆ ಕೆಡದಂತೆ ಬೆಳಿಗ್ಗೆಯೇ ಕಡೆದು, ಮಧ್ಯಾಹ್ನದೊಳಗೆ ಮುಗಿಯುವಷ್ಟೇ ಮಾಡಿದರೆ ಸಾಕು. ಪಾಠಶಾಲೆಯ ಮಕ್ಕಳಿಗೆ ಹಂಚುವ ತಿಂಡಿಯ ಪಟ್ಟಿ ಬರೆಯುವ ಸಮಿತಿಯವರು ಮೇಲಿನ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡರೆ, ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ.